ಕಿಂಡಿಯ ಕೈ

"ಯಜಮಾನ್ರೇ, ನಾನ್ ಕೇಳಿದ್ದು ಚಪಾತಿ. ಬಂದಿರೋದು ಮುದ್ದೆ. ಈಗ ಇದನ್ನೇ ಲಟ್ಟಿಸ್ಕೊಂಡು ತಿನ್ಲಾ?"

ಕಿಟಕಿಯ ಪಕ್ಕದ ಮೇಜಿನಿಂದ ಮಾದೇಶ ಕೂಗಿ ಕೇಳಿದ. ಕಬಿನಿ ಕಡೆಯ ರೆಸಾರ್ಟೊಂದರಲ್ಲಿ ಜೀಪು ಓಡಿಸುವವನು. ವಾರಕ್ಕೆ ನಾಲ್ಕು ದಿನ ಅವನ ಊಟ ಇಲ್ಲೇ. ಸುತ್ತ ಕುಳಿತಿದ್ದವರೆಲ್ಲ ನಕ್ಕರು. ಗಲ್ಲಾದ ಹಿಂದೆ ಕುಳಿತಿದ್ದ ಕಂಠಪ್ಪನಿಗೆ ನಗು ಬರಲಿಲ್ಲ. ಬೆಳಗಿನಿಂದ ಇದು ಮೂರನೆಯ ತಪ್ಪು.

"ಮುದ್ದೆ ಕಂಡ್ರೆ ಮೂತಿ ತಿರುವ್ತೀಯಲ್ಲೋ! ರೆಸಾರ್ಟ್ ಸೇರಿದ್ಮೇಲೆ ದೊರೆ ಆಗ್ಬುಟ್ಟೆ ಬುಡು" ಎನ್ನುತ್ತ ಸಪ್ಲೈಯರ್ ಮಂಟಯ್ಯ ತಟ್ಟೆಯನ್ನು ಎತ್ತಿಕೊಂಡ.

"ದೊರೆನೂ ಇಲ್ಲ ಏನೂ ಇಲ್ಲ ಕಣಣ್ಣ. ಬೆಳಿಗ್ಗೆನೂ ಮುದ್ದೆನೇ ಉಂಡಿವ್ನಿ. ಅಡುಗೆ ಮಾಡೋ ಆಯಮ್ಮಂಗೆ ಕಿವಿ ಕೇಳಾಕಿಲ್ಲ, ನಂಗೂ ಗೊತ್ತು. ಅದಕ್ಕೊಂದು ದಾರಿ ಮಾಡಿ. ಇಲ್ದಿದ್ರೆ ಕಿವಿ ಕೇಳೋ ಇನ್ನೊಬ್ರನ್ನ ಇಟ್ಕಳಿ."

ಹುಡುಗ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೂ ಕಂಠಪ್ಪನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಎದ್ದು ಅಡುಗೆಮನೆಯ ಕಿಂಡಿಯ ಹತ್ತಿರ ಹೋದ. ಊಟದ ಹಜಾರಕ್ಕೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ, ಎರಡು ತಟ್ಟೆ ಜೊತೆಯಾಗಿ ದಾಟುವಷ್ಟು ಅಗಲದ ಕಿಂಡಿ. ಆಚೆ ಪುಟ್ಟಸಿದ್ದಮ್ಮ ಒಲೆಯ ಮುಂದೆ ನಿಂತು ಕಣ್ಣನ್ನು ಮಾತ್ರ ಕಿಂಡಿಯಲ್ಲೇ ನೆಟ್ಟಿದ್ದಳು. ಕಂಠಪ್ಪ ಎರಡು ಅಂಗೈ ತಟ್ಟಿ ತೋರಿಸಿ, "ಚಪಾತಿ" ಎಂದು ಬಾಯಲ್ಲೂ ಹೇಳಿದ. ಅವಳು ಅವನ ತುಟಿಯನ್ನು ನೋಡಿದಳು. ತುಟಿಯ ಮುಕ್ಕಾಲು ಪಾಲನ್ನು ಮೀಸೆ ಮುಚ್ಚಿತ್ತು. ಅಂಗೈ ತಟ್ಟಿದ್ದು ಅವಳಿಗೆ ಮುದ್ದೆ ಕಟ್ಟುವ ಹಾಗೆ ಕಂಡಿತೋ ಏನೋ, ಇನ್ನೊಂದು ಮುದ್ದೆಯನ್ನು ತಟ್ಟೆಗಿಟ್ಟು ಮುಂದಕ್ಕೆ ನೂಕಿದಳು. ಅವನು ತಲೆಯಲ್ಲಾಡಿಸಿದ. ಅವಳ ಮುಖ ಸಣ್ಣದಾಯಿತು.

ಪುಟ್ಟಸಿದ್ದಮ್ಮನಿಗೆ ನಾಲ್ಕು ವರ್ಷವಿದ್ದಾಗ ಬಂದ ಜ್ವರ ಕಿವಿಯನ್ನೂ ಮಾತನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿತ್ತು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಹ್ಯಾಂಡ್‌ಪೋಸ್ಟ್ ಊರಿನ ಈ ತಿರುವಿನಲ್ಲಿ ಕಂಠಪ್ಪ ಊಟದ ಹೋಟೆಲು ತೆರೆದಾಗ ಪಾತ್ರೆ ತೊಳೆಯಲು ಬಂದಳು. ಅವಳ ಕೈಗೆ ಅಡುಗೆ ಒಲಿದಿದೆ ಎಂದು ಕಂಡುಕೊಂಡವಳು ಕಂಠಪ್ಪನ ಹೆಂಡತಿ ಸುಂದ್ರಮ್ಮ. ಅಂದಿನಿಂದ ಸುಂದ್ರಮ್ಮ ಕಿಂಡಿಯ ಈಚೆ, ಪುಟ್ಟಸಿದ್ದಮ್ಮ ಕಿಂಡಿಯ ಆಚೆ. ಮಂಟಯ್ಯ ಹಜಾರದ ನಡುವಿನಿಂದ ಕೂಗಿದ್ದನ್ನು ಸುಂದ್ರಮ್ಮ ಕೈಯಲ್ಲಿ ಹೇಳುತ್ತಿದ್ದಳು. ಆ ಸನ್ನೆಗಳನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಒಲೆಯ ಹೊಗೆಯಲ್ಲಿ ನಿಂತು ಇಬ್ಬರೂ ದಿನಕ್ಕೊಂದರಂತೆ ಕಟ್ಟಿಕೊಂಡದ್ದು. ಗಲ್ಲಾದಲ್ಲಿ ಕುಳಿತ ಕಂಠಪ್ಪ ಅವನ್ನು ಕಲಿಯಲಿಲ್ಲ. ಕಲಿಯುವ ಅಗತ್ಯ ಬೀಳಲಿಲ್ಲ. ಮಂಟಯ್ಯನಿಗೂ ನೋಡಿದರೆ ಒಂದಷ್ಟು ಗುರುತು ಸಿಗುತ್ತಿತ್ತೇ ಹೊರತು ಮಾಡಿ ತೋರಿಸಲು ಬರುತ್ತಿರಲಿಲ್ಲ. ಕಳೆದ ಕಾರ್ತಿಕದಲ್ಲಿ ಎರಡೇ ದಿನದ ಎದೆನೋವಿನಲ್ಲಿ ಸುಂದ್ರಮ್ಮ ಶಿವೈಕ್ಯಳಾದಳು. ಆ ಭಾಷೆ ಬಲ್ಲವಳು ಲೋಕದಲ್ಲಿ ಒಬ್ಬಳೇ ಉಳಿದಳು.

ಮಧ್ಯಾಹ್ನದ ಊಟ ಮುಗಿದು, ಮಂಟಯ್ಯ ಮೇಜು ಒರೆಸುತ್ತಿದ್ದಾಗ, ಪುಟ್ಟಸಿದ್ದಮ್ಮ ಹಳದಿ ಬಟ್ಟೆಯ ಚೀಲವೊಂದನ್ನು ಹಿಡಿದು ಹಜಾರಕ್ಕೆ ಬಂದಳು. ಚೀಲದ ಬಾಯಿಂದ ಸೀರೆಯ ಅಂಚು, ಸ್ಟೀಲ್ ಡಬ್ಬಿಯ ಮುಚ್ಚಳ ಕಾಣುತ್ತಿತ್ತು. ಅವಳು ಬೀಚನಹಳ್ಳಿಯ ಕಡೆಗೆ ಕೈ ತೋರಿಸಿದಳು, ಆಮೇಲೆ ಎರಡು ಕೈ ಜೋಡಿಸಿದಳು. ಇದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. ಬೀಚನಹಳ್ಳಿಯಲ್ಲಿ ಅವಳ ಅಣ್ಣನಿದ್ದ. ಅಣ್ಣನ ಮನೆಯಲ್ಲಿ ಅವಳಿಗೆ ಮಲಗಲು ಒಂದು ಮೂಲೆ ಸಿಕ್ಕೀತೇ ಹೊರತು ಒಲೆ ಸಿಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತು, ಕಂಠಪ್ಪನಿಗೂ ಗೊತ್ತು.

"ಎಲ್ಲಿಗೋಗ್ತೀಯವ್ವ ನೀನು?" ಎಂದು ಕಂಠಪ್ಪ ಗಟ್ಟಿಯಾಗಿ ಕೇಳಿದ. ಕೇಳಿದ ಮೇಲೆ, ಗಟ್ಟಿಯಾಗಿ ಕೇಳಿ ಏನು ಫಲ ಎಂದು ನಾಚಿಕೆಯಾಯಿತು.

ಅವಳು ಹೊರಟರೆ ಇನ್ನೊಬ್ಬರು ಅಡುಗೆಯವರು ಸಿಗದೆ ಹೋಗುವುದಿಲ್ಲ. ಆದರೆ ಸುಂದ್ರಮ್ಮ ಬಸ್ಸಾರಿಗೆ ಹುಣಸೆ ಎಷ್ಟು ಹಿಂಡುತ್ತಿದ್ದಳು, ಉಪ್ಸಾರಿನ ಖಾರಕ್ಕೆ ಬೆಳ್ಳುಳ್ಳಿಯನ್ನು ಎಷ್ಟು ಹೊತ್ತು ಕೆಂಡದಲ್ಲಿ ಇಡುತ್ತಿದ್ದಳು ಎಂಬುದನ್ನು ಕೈಯಲ್ಲಿ ಇಟ್ಟುಕೊಂಡಿರುವವಳು ಇವಳೊಬ್ಬಳೇ. ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ಪತ್ರೆ ತೊಳೆದು ಇಡುವವರಿಲ್ಲದೆ ಎಂಟು ತಿಂಗಳಾಗುತ್ತ ಬಂತು. ಅದನ್ನು ಹೇಗೋ ತಡೆದುಕೊಂಡಿದ್ದ. ಮಧ್ಯಾಹ್ನ ಆ ಸಾರಿನ ವಾಸನೆಯೂ ಇಲ್ಲವಾದರೆ ಈ ಮನೆಯಲ್ಲಿ ಹೆಂಡತಿ ಇದ್ದಳು ಎನ್ನುವುದಕ್ಕೆ ಉಳಿಯುವುದು ಗೋಡೆಯ ಪಟ ಮಾತ್ರ.

ಅವನು ಗೋಡೆಯ ಪಂಚಾಂಗದ ಕ್ಯಾಲೆಂಡರಿನ ಹತ್ತಿರ ಹೋಗಿ ಮುಂದಿನ ಅಮಾವಾಸ್ಯೆಯ ಕಪ್ಪು ಬೊಟ್ಟಿನ ಮೇಲೆ ಬೆರಳಿಟ್ಟ. ಆಮೇಲೆ ಅವಳಂತೆಯೇ ಕೈ ಜೋಡಿಸಿದ. ಪುಟ್ಟಸಿದ್ದಮ್ಮ ಆ ಬೊಟ್ಟನ್ನೂ ಅವನನ್ನೂ ಬಹಳ ಹೊತ್ತು ನೋಡಿದಳು. ಒಳಗೆ ಹೋಗಿ ಚೀಲವನ್ನು ಗೂಟಕ್ಕೆ ನೇತುಹಾಕಿದಳು. ಬಿಚ್ಚಲಿಲ್ಲ.

ಎರಡು ದಿನ ಬಿಟ್ಟು ಮೈಸೂರಿನಿಂದ ಒಬ್ಬ ಬಂದ. ಹೆಸರು ಶಿವಶಂಕರ್, ಹೋಟೆಲುಗಳಿಗೆ ಕಂಪ್ಯೂಟರ್ ಹಾಕಿಸಿಕೊಡುವ ಕಂಪನಿಯವನು. ಮಾದೇಶನೇ ನಂಬರು ಕೊಟ್ಟು ಕಳಿಸಿದ್ದ. ಮೇಜಿನ ಮೇಲೆ ಒಂದು ಪರದೆ ಇಟ್ಟು, ಸಪ್ಲೈಯರ್ ಇಲ್ಲಿ ಒತ್ತಿದರೆ ಅಡುಗೆಮನೆಯಲ್ಲಿ ಚೀಟಿ ಹೇಗೆ ಬರುತ್ತದೆ ಎಂದು ಒತ್ತಿ ತೋರಿಸಿದ. ಪುಟ್ಟ ಯಂತ್ರ ಕಿರ್ ಎಂದು ಚೀಟಿ ಉಗುಳಿತು.

"ಕೂಗೋದೇ ಬೇಡ ಸಾರ್. ಕಿವಿ ಕೇಳದೆ ಇದ್ರೂ ನಡೆಯತ್ತೆ."

ಕಂಠಪ್ಪನ ಎದೆ ಹಗುರಾಯಿತು. "ಚೀಟೀಲಿ ಇಂಗ್ಲೀಷ್ ಐತಲ್ಲ?"

"ಕನ್ನಡಾನೂ ಹಾಕ್ಬೋದು ಸಾರ್."

"ಆಯಮ್ಮಂಗೆ ಕನ್ನಡನೂ ಓದಾಕೆ ಬರಾಕಿಲ್ಲ. ಅಕ್ಷರದ ಬದ್ಲು ಇನ್ನೇನಾರ ಬತ್ತದಾ?"

ಶಿವಶಂಕರ್ ಅಡುಗೆಮನೆಯ ಕಡೆ ನೋಡಿದ. ಒಳ್ಳೆಯ ಹುಡುಗ, ಸುಳ್ಳು ಹೇಳಲಿಲ್ಲ. "ಇಲ್ಲ ಸಾರ್. ಕಂಪನಿ ಹೆಂಗೆ ಕೊಡ್ತಾರೋ ಹಂಗೆ. ಒಳಗಡೆ ನಾನೂ ಕೈ ಹಾಕೋ ಹಂಗಿಲ್ಲ. ಬೀಗ ಹಾಕಿರೋ ಪೆಟ್ಟಿಗೆ ಅಂತ ತಿಳ್ಕೊಳಿ. ಆದ್ರೆ ಕೆಟ್ರೆ ಒಂದು ಫೋನ್ ಮಾಡಿ, ಅರ್ಧ ಗಂಟೇಲಿ ಸರಿ ಮಾಡಿಸ್ತೀವಿ. ಅದಕ್ಕೆ ನಾನ್ ಗ್ಯಾರಂಟಿ." ಸ್ವಲ್ಪ ತಡೆದು, "ಓದು ಬರೋ ಅಡುಗೆಯವರು ಸಿಕ್ಕಿದ್ರೆ ಹೇಳಿ ಸಾರ್, ಅವತ್ತೇ ಬಂದು ಹಾಕ್ಕೊಡ್ತೀನಿ" ಎಂದ. ಅವನು ಊಟ ಮಾಡಿ, ಸಾರನ್ನು ಇನ್ನೊಮ್ಮೆ ಬಡಿಸಿಕೊಂಡು, ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ಎದ್ದು ಹೋದ.

ಭಾನುವಾರ ಹುಣಸೂರಿನಿಂದ ರೂಪಶ್ರೀ ಬಂದಳು. ಸುಂದ್ರಮ್ಮನ ತಂಗಿಯ ಮಗಳು. ಅಲ್ಲಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ದೊಡ್ಡವ್ವ ಹೋದ ಮೇಲೆ ದೊಡ್ಡಪ್ಪನನ್ನು ನೋಡಿಕೊಂಡು ಹೋಗಲು ತಿಂಗಳಿಗೆರಡು ಸಲ ಬರುವುದನ್ನು ತಪ್ಪಿಸಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ತನ್ನ ಲ್ಯಾಪ್‌ಟಾಪನ್ನು ಗಲ್ಲಾದ ಮೇಲೆ ತೆರೆದಳು.

"ಬೀಗ ಇಲ್ದೆ ಇರೋದೂ ಇದಾವೆ ದೊಡ್ಡಪ್ಪ. ಓಪನ್ ಸೋರ್ಸ್ ಅಂತಾರೆ. ಹೋಟ್ಲುಗಳಿಗೇಂತ ಯಾರ್ಯಾರೋ ಸೇರಿ ಮಾಡಿ ಇಟ್ಟಿದಾರೆ. ಯಾರು ಬೇಕಾದ್ರೂ ತಗೋಬೋದು. ಒಳಗೆ ಹೆಂಗೆ ಮಾಡಿದಾರೆ ಅಂತ ಬಿಚ್ಚಿ ನೋಡ್ಬೋದು, ನಮಗೆ ಬೇಕಾದಂಗೆ ಬದಲಾಯಿಸ್ಕೋಬೋದು."

"ಎಷ್ಟು ಕೊಡ್ಬೇಕು?"

"ಏನೂ ಇಲ್ಲ."

"ಪುಕ್ಕಟೆ ಕೊಡಾಕೆ ಅವ್ರಿಗೇನು ಹುಚ್ಚಾ?"

"ನೀವು ಬೇಸಿಗೇಲಿ ಹೋಟ್ಲ ಮುಂದೆ ಅರವಟ್ಟಿಗೆ ಇಡ್ತೀರಲ್ಲ, ನಿಮಗೇನು ಹುಚ್ಚಾ?"

ಮೇಜು ಒರೆಸುತ್ತಿದ್ದ ಮಂಟಯ್ಯ ಬಟ್ಟೆ ಬಿಟ್ಟು ನಕ್ಕ. "ಸರ್ಯಾಗ್ ಕೇಳ್ದೆ ಕಣವ್ವ! ಇನ್ನೊಂದ್ಸಲ ಕೇಳು."

ಕಂಠಪ್ಪನೂ ನಕ್ಕ. ಆದರೆ ಅರವಟ್ಟಿಗೆ ಇಟ್ಟವನಿಗೆ ಅದರ ಕಷ್ಟವೂ ಗೊತ್ತು. "ಅರವಟ್ಟಿಗೆ ಅಂದ್ರೆ ದಿನಾ ಬೆಳಿಗ್ಗೆ ಗುಡಾಣಕ್ಕೆ ನೀರು ತುಂಬೋರು ಬೇಕು ಕಣವ್ವ. ಗುಡಾಣ ಬಿರುಕು ಬುಟ್ರೆ ಇನ್ನೊಂದು ತರೋರು ಬೇಕು. ಆ ಮೈಸೂರು ಹುಡ್ಗ ಅರ್ಧ ಗಂಟೆ ಅಂದ. ಇದು ಕೆಟ್ರೆ ನಾನ್ ಯಾರ್ನ ಕೇಳ್ಲಿ?"

"ನನ್ನ ಕೇಳಿ."

"ನೀನು ಹುಣಸೂರ್ನಲ್ಲಿ ಪಾಠ ಮಾಡ್ತಾ ನಿಂತಿರ್ತೀಯ. ಇಲ್ಲಿ ಒಂದು ಗಂಟೆಗೆ ನಲವತ್ತು ಜನ ತಟ್ಟೆ ಮುಂದೆ ಕೂತಿರ್ತಾರೆ."

"ಅದು ತೊಂದ್ರೆನೇ ದೊಡ್ಡಪ್ಪ. ಇಲ್ಲ ಅನ್ನಲ್ಲ" ಎಂದಳು. ಆಮೇಲೆ ಅಡುಗೆಮನೆಯ ಗೂಟದಲ್ಲಿ ನೇತಾಡುತ್ತಿದ್ದ ಹಳದಿ ಚೀಲವನ್ನು ನೋಡಿ, "ಅಮಾವಾಸ್ಯೆಗೆ ಎಷ್ಟು ದಿನ ಉಳೀತು?" ಎಂದು ಕೇಳಿದಳು.

"ಹದಿನೆಂಟು."

"ಹಂಗಾದ್ರೆ ಮಾಡೇಬಿಡಾಣ."

ಮೊದಲು ಅವಳು ಮಾಡಿದ್ದು ಯಾರಿಗಾದರೂ ಹೊಳೆಯುವಂಥದು. ಒಂದೊಂದು ಪದಾರ್ಥವನ್ನೂ ತಟ್ಟೆಯಲ್ಲಿಟ್ಟು ಫೋಟೋ ತೆಗೆದು, ಅಕ್ಷರದ ಜಾಗಕ್ಕೆ ಆ ಫೋಟೋಗಳನ್ನು ಹಾಕಿದಳು. ತನ್ನ ಹಳೆಯ ಟ್ಯಾಬೊಂದನ್ನು ಕಿಂಡಿಯ ಪಕ್ಕದಲ್ಲಿ ಮೊಳೆ ಹೊಡೆದು ನಿಲ್ಲಿಸಿದಳು. ಈಚೆ ಕಂಠಪ್ಪ ಗಲ್ಲಾದ ಮೇಲಿಟ್ಟ ಮೊಬೈಲಿನಲ್ಲಿ ಒತ್ತಿದ. ಆಚೆ ಪರದೆಯ ಮೇಲೆ ಬಸ್ಸಾರು ಬಂತು. ಪುಟ್ಟಸಿದ್ದಮ್ಮ ಬಗ್ಗಿ ನೋಡಿದಳು. ಸೆರಗಿನಿಂದ ಪರದೆಯ ಆವಿ ಒರೆಸಿ ಮತ್ತೆ ನೋಡಿದಳು. ಬಸ್ಸಾರು, ಉಪ್ಸಾರು, ಹುಳಿ, ಕಾಳುಸಾರು—ಬಟ್ಟಲಿನಲ್ಲಿ ಎಲ್ಲವೂ ಒಂದೇ ಬಣ್ಣ. ಮುದ್ದೆ, ಚಪಾತಿ, ಅನ್ನದ ಗುರುತು ಸಿಕ್ಕಿತು. ಉಳಿದದ್ದಕ್ಕೆಲ್ಲ ಅವಳು ತಪ್ಪು ಪಾತ್ರೆಯ ಮುಚ್ಚಳವನ್ನೇ ತೆಗೆದಳು.

"ಖಾರ ಕಮ್ಮಿ ಅನ್ನೋದನ್ನ ಹೆಂಗೆ ಫೋಟೋ ಹೊಡೀತೀಯವ್ವ?" ಎಂದು ಮಂಟಯ್ಯ ಕೇಳಿದ. "ಉಪ್ಪು ಬ್ಯಾಡ ಅನ್ನೋದನ್ನ?"

ರೂಪಶ್ರೀ ಸೋತವಳಂತೆ ಬೆಂಚಿನ ಮೇಲೆ ಕುಳಿತಳು. ಆಗ ಪುಟ್ಟಸಿದ್ದಮ್ಮ ಅಡುಗೆಮನೆಯಿಂದ ಹೊರಗೆ ಬಂದು, ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿ, ಕಿಂಡಿಯ ಈಚೆ ಸುಂದ್ರಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಿಸಿದಳು. ತಾನು ಒಳಗೆ ಹೋಗಿ ಒಲೆಯ ಮುಂದೆ ನಿಂತಳು. ಪರದೆಯನ್ನು ತೋರಿಸಿ ಬೇಡವೆಂದು ಕೈಯಾಡಿಸಿದಳು. ಆಮೇಲೆ ತನ್ನ ಬಲಗೈಯನ್ನು ಕಿಂಡಿಯಲ್ಲಿ ಎತ್ತಿ ಹಿಡಿದು, ಹೆಬ್ಬೆರಳು ತೋರುಬೆರಳನ್ನು ಒಂದಕ್ಕೊಂದು ಒತ್ತಿದಳು. ಸಿಪ್ಪೆಯಿಂದ ಏನನ್ನೋ ಚಿಮ್ಮಿಸಿದ ಹಾಗೆ.

"ಹಿತಕಿದವರೆ!" ಎಂದು ಮಂಟಯ್ಯ ಕೂಗಿದ. "ಸುಂದ್ರಕ್ಕ ಇಂಗೇ ಮಾಡ್ತಿದ್ರು ಕಣ್ರೀ!"

ರೂಪಶ್ರೀ ಮೊಬೈಲನ್ನು ಕೈಗೆ ತೆಗೆದುಕೊಂಡಳು.

ಆ ದಿನ ಮಧ್ಯಾಹ್ನ ಮೂರೂವರೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಪುಟ್ಟಸಿದ್ದಮ್ಮ ಕೈಯಲ್ಲಿ ಮಾತಾಡಿದಳು. ಇಪ್ಪತ್ತೆರಡು ವರ್ಷದಲ್ಲಿ ಕಂಠಪ್ಪ ಅವಳ ಮಾತನ್ನು ಇಷ್ಟು ಹೊತ್ತು ಕುಳಿತು ಕೇಳಿದವನಲ್ಲ. ಮುಷ್ಟಿಯನ್ನು ಮಣಿಕಟ್ಟಿನಲ್ಲಿ ಒಮ್ಮೆ ತಿರುಗಿಸಿದರೆ ಮುದ್ದೆ. ಅಂಗೈ ಚಾಚಿ ಗಾಳಿಯಲ್ಲಿ ಜಾರಿಸಿದರೆ ಚಪಾತಿ. ಬೆರಳ ತುದಿಗಳನ್ನು ಕೂಡಿಸಿ ಕೆಳಗಿಳಿಸಿದರೆ ಅನ್ನ. ಅದೇ ಬೆರಳುಗಳನ್ನು ಹಿಂಡಿದರೆ ಬಸ್ಸಾರು. ನಾಲಗೆಯ ತುದಿ ಮುಟ್ಟಿ ಕೈ ಬೀಸಿದರೆ ಖಾರ ಕಮ್ಮಿ. ಕನ್ನಡಕ ಹಾಕಿಕೊಂಡ ಹಾಗೆ ಕಣ್ಣ ಸುತ್ತ ಬೆರಳು ತಿರುಗಿಸಿದರೆ ಉಪ್ಪು ಬೇಡ. ಏಕೆಂದರೆ ಉಪ್ಪಿಲ್ಲದ ಊಟ ಮೊದಲು ಕೇಳಿದವರು ಕನ್ನಡಕದ ಮೇಷ್ಟರು. ಮೇಷ್ಟರು ತೀರಿಕೊಂಡು ಆರು ವರ್ಷವಾಗಿತ್ತು.

ಒಂದು ಸನ್ನೆ ತೋರಿಸಿ ಅವಳು ತಾನೇ ನಕ್ಕುಬಿಟ್ಟಳು. ಇಲ್ಲದ ಮೀಸೆಯನ್ನು ಹುರಿ ಮಾಡಿ ಕೆನ್ನೆ ಉಬ್ಬಿಸಿದ್ದಳು.

"ಇದೇನು?" ಎಂದ ಕಂಠಪ್ಪ.

ಮಂಟಯ್ಯ ಸುಮ್ಮನೆ ಛಾವಣಿ ನೋಡಿದ.

"ಏನ್ಲಾ ಅದು, ಹೇಳ್ಲಾ!"

"ಯಜಮಾನ್ರು ಸಿಟ್ಟಾಗವ್ರೆ, ಜಲ್ದಿ ಕಳ್ಸು ಅಂತ" ಎಂದು ಮಂಟಯ್ಯ ಹೇಳಿ ಎರಡು ಹೆಜ್ಜೆ ಹಿಂದೆ ಸರಿದ.

"ಇದನ್ನೂ ಮೆನುಗೆ ಹಾಕ್ಲಾ ದೊಡ್ಡಪ್ಪ?" ರೂಪಶ್ರೀ ನಗು ತಡೆಯಲಾರದೆ ಕೇಳಿದಳು.

ಪುಟ್ಟಸಿದ್ದಮ್ಮ ಇನ್ನೂ ಮುಗಿಸಿರಲಿಲ್ಲ. ಮತ್ತೆ ಮೀಸೆಯನ್ನು ಮುಟ್ಟಿದಳು; ಆದರೆ ಈ ಸಲ ಕೆನ್ನೆ ಉಬ್ಬಿಸಲಿಲ್ಲ. ಮುಷ್ಟಿ ತಿರುಗಿಸಿ, ಆ ಮುಷ್ಟಿಯನ್ನು ಇನ್ನೊಂದು ಅಂಗೈಯಲ್ಲಿ ಮಲಗಿಸಿ ಮೃದುವಾಗಿ ಅದುಮಿದಳು. ಇದು ಮಂಟಯ್ಯನಿಗೂ ಗೊತ್ತಿರಲಿಲ್ಲ. ಅವಳು ತನ್ನ ದವಡೆಯನ್ನು ಮುಟ್ಟಿ ತೋರಿಸಿ, ಕಂಠಪ್ಪನ ಕಡೆ ಬೆರಳು ಮಾಡಿ, ಮತ್ತೆ ಅದೇ ಸನ್ನೆ ಮಾಡಿದಳು. ಆಗ ಅವನಿಗೆ ತಿಳಿಯಿತು. ಮೂರು ವರ್ಷದ ಹಿಂದೆ ಅವನ ದವಡೆ ಹಲ್ಲುಗಳನ್ನು ಕೀಳಿಸಿದ್ದರು. ಅಂದಿನಿಂದ ಅವನ ತಟ್ಟೆಗೆ ಬರುತ್ತಿದ್ದ ಮುದ್ದೆ ಮೆತ್ತಗಿರುತ್ತಿತ್ತು. ಎಲ್ಲರಿಗೂ ಹಾಗೇ ಮಾಡುತ್ತಾರೆ ಎಂದುಕೊಂಡಿದ್ದ. ಅವನಿಗೆಂದು ಬೇರೆಯಾಗಿ ಇನ್ನೊಮ್ಮೆ ನೀರು ತಟ್ಟಿ ತಿರುವಿಸುತ್ತಿದ್ದಳು ಸುಂದ್ರಮ್ಮ. ಅವಳು ಹೋದ ಮೇಲೂ, ಹೇಳುವವರಿಲ್ಲದೆಯೂ, ಅದು ನಿಂತಿರಲಿಲ್ಲ.

ಕಂಠಪ್ಪ ಎದ್ದು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದ. "ಅದನ್ನ ಹಾಕ್ಬ್ಯಾಡ ಕಣವ್ವ. ಅದು ಅಂಗೇ ಇರ್ಲಿ" ಎಂದ.

ನಲವತ್ತೊಂದು ಸನ್ನೆಗಳಾದವು. ರೂಪಶ್ರೀ ಒಂದೊಂದು ಸನ್ನೆಯ ಚಿತ್ರವನ್ನೂ ಊಟದ ಫೋಟೋ ಇದ್ದ ಜಾಗಕ್ಕೆ ಸೇರಿಸಿದಳು. ಎಷ್ಟು ತಟ್ಟೆ ಬೇಕೋ ಅಷ್ಟು ಹಳದಿ ಚುಕ್ಕೆ ಕೈಯ ಕೆಳಗೆ ಕಾಣುವಂತೆ ಮಾಡಿದಳು. ಹೊಸ ಬೇಡಿಕೆ ಬಂದಾಗ ಗಂಟೆ ಬಾರಿಸುವ ಬದಲು ಪರದೆಯ ಅಂಚು ಎರಡು ಸಲ ಮಿಂಚುವಂತೆ ಮಾಡಿದಳು. ಮುಂದಿನ ಸೋಮವಾರ ಮಾದೇಶ ಚಪಾತಿ ಕೇಳಿದ, ಚಪಾತಿಯೇ ಬಂತು. "ಅಯ್ಯೋ, ಇವತ್ತು ಮುದ್ದೆ ಬತ್ತದೆ ಅಂತ ಆಸೆಯಿಂದ ಬಂದಿದ್ದೆ ಕಣಣ್ಣ" ಎಂದು ಅವನು ಮಂಟಯ್ಯನನ್ನು ಕೆಣಕಿದ.

ಅಮಾವಾಸ್ಯೆಯ ಹಿಂದಿನ ದಿನ ಒಗೆದ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಹಳದಿ ಚೀಲವೂ ನೇತಾಡುತ್ತಿತ್ತು. ಖಾಲಿಯಾಗಿತ್ತು. ಕಂಠಪ್ಪ ಆ ದಿನ ಪೂಜೆಗೆ ಕುಳಿತವನು ಬಹಳ ಹೊತ್ತು ಏಳಲಿಲ್ಲ.

ಅವನು ಹೆದರಿದ್ದೂ ನಡೆಯದೆ ಇರಲಿಲ್ಲ. ಒಂದು ಶನಿವಾರ ಸರಿಯಾಗಿ ಒಂದು ಗಂಟೆಗೆ ಪರದೆ ಕಪ್ಪಾಗಿ ನಿಂತಿತು. ರೂಪಶ್ರೀ ಫೋನು ಎತ್ತಲಿಲ್ಲ. ಇಪ್ಪತ್ತು ನಿಮಿಷ ಅಡುಗೆಮನೆಯಲ್ಲಿ ಎಲ್ಲವೂ ತಲೆಕೆಳಗಾಯಿತು. ನಾಲ್ಕು ಜನ ಎದ್ದು ಹೋದರು. ಅವಳು ಆಮೇಲೆ ಫೋನು ಮಾಡಿ, ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕು ಎಂದು ಹೇಳಿಕೊಟ್ಟಳು. ಕಂಠಪ್ಪ ಅದನ್ನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗಲ್ಲಾದ ಪಕ್ಕ ಅಂಟಿಸಿದ. ಆಮೇಲೆ ಎರಡು ಸಲ ಕೆಟ್ಟಾಗ ಅವನೇ ಸರಿಮಾಡಿದ. ಮೂರನೆಯ ಸಲ ಸರಿಹೋಗುವವರೆಗೆ ತಾನೇ ಕಿಂಡಿಯಲ್ಲಿ ನಿಂತು ಕೈಯೆತ್ತಿದ; ಆ ಶನಿವಾರದ ಹಾಗೆ ಎಲ್ಲವೂ ತಲೆಕೆಳಗಾಗಲಿಲ್ಲ, ಎರಡೇ ತಪ್ಪಾಯಿತು.

ಒಮ್ಮೆ ರೂಪಶ್ರೀ ಬಂದಾಗ ಹಿಂಜರಿಯುತ್ತಲೇ ಕೇಳಿದಳು. "ನಾವು ಬೇರೆಯವ್ರು ಮಾಡಿಟ್ಟಿದ್ದನ್ನ ತಗೊಂಡ್ವಲ್ಲ ದೊಡ್ಡಪ್ಪ. ನಾವು ಸೇರಿಸಿದ್ದನ್ನ ವಾಪಸ್ ಅಲ್ಲೇ ಇಡೋದು ಪದ್ಧತಿ. ಬೇಕಾದೋರು ತಗೋತಾರೆ. ಈ ಕೈಗಳನ್ನೂ ಇಡ್ಲಾ?"

"ಕೈ ನಂದಲ್ಲವಲ್ಲ. ಅವಳ್ನ ಕೇಳು."

ಅವರಿಬ್ಬರೂ ಕಿಂಡಿಯ ಬಳಿ ಬಹಳ ಹೊತ್ತು ಕೈಯಾಡಿಸಿದರು. ಕೊನೆಗೆ ಪುಟ್ಟಸಿದ್ದಮ್ಮನಿಗೆ ಅರ್ಥವಾದಾಗ, ಸೌಟಿನಿಂದ ಬಡಿಸುವ ಹಾಗೆ ಕೈಯನ್ನು ಎಡಕ್ಕೂ ಬಲಕ್ಕೂ ದೂರಕ್ಕೂ ಚಾಚಿದಳು. ಎಲ್ಲರಿಗೂ ಹಾಕು ಎಂದು.

ಸುಂದ್ರಮ್ಮನ ವರ್ಷದ ಕಾರ್ಯ ಮುಗಿದು ಮಾರ್ಗಶಿರ ಹುಟ್ಟಿತು. ಊರಿಗೆಲ್ಲ ಅವರೆಕಾಯಿ ಬಂದಿತ್ತು. ಆ ಭಾನುವಾರ ರೂಪಶ್ರೀ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ದೊಡ್ಡಪ್ಪ, ನಿಮಗೊಂದು ಕಾಗದ ಬಂದಿದೆ, ನೇಪಾಳದಿಂದ" ಎಂದಳು.

"ಪಶುಪತಿನಾಥ ಇರೋ ದೇಶ ಅಲ್ವಾ? ಅಲ್ಲಿಂದ ನಂಗ್ಯಾರು ಬರೀತಾರವ್ವ?"

ಬರೆದವರು ಅಲ್ಲಿನ ಯಾವುದೋ ಸಣ್ಣ ಊರಿನಲ್ಲಿ ತಿಂಡಿಯಂಗಡಿ ಇಟ್ಟುಕೊಂಡ ಗಂಡ ಹೆಂಡತಿ. ಅವರ ಅಡುಗೆಯ ಹುಡುಗಿಗೂ ಕಿವಿ ಕೇಳದು. ರೂಪಶ್ರೀ ಮೊಬೈಲು ನೋಡಿಕೊಂಡು ಕನ್ನಡದಲ್ಲಿ ಹೇಳುತ್ತ ಹೋದಳು. "ನಿಮ್ಮ ಕೈಗಳನ್ನು ನೋಡಿ ನಾವೂ ಶುರು ಮಾಡಿದ್ದೇವೆ. ನಮ್ಮ ಹುಡುಗಿ ತುಂಬ ಖುಷಿಯಾಗಿದ್ದಾಳೆ. ಒಂದು ಅನುಮಾನ. ನಿಮ್ಮ ಹೆಚ್ಚಿನ ಚಿತ್ರಗಳಲ್ಲಿ ಕಿರುಬೆರಳು ಒಳಕ್ಕೆ ಮಡಚಿದೆ. ಅಂಗೈ ಚಾಚಿದ ಚಿತ್ರದಲ್ಲೂ ಹಾಗೇ ಇದೆ. ಅದಕ್ಕೆ ಏನಾದರೂ ಅರ್ಥವಿದೆಯೇ? ನಾವೂ ಮಡಚಬೇಕೇ?"

"ನಾನೂ ಅದು ಸನ್ನೆನೇ ಅಂದ್ಕೊಂಡಿದ್ದೆ" ಎಂದಳು ರೂಪಶ್ರೀ. "ಏನು ದೊಡ್ಡಪ್ಪ ಅದು?"

ಕಂಠಪ್ಪ ಗಲ್ಲಾದ ಮೊಬೈಲಿನ ಪರದೆಯ ಮೇಲೆ ಚಪಾತಿಯ ಚಿತ್ರವನ್ನು ತೆರೆದ. ನಾಲ್ಕು ಬೆರಳು ನೆಟ್ಟಗೆ ಚಾಚಿದ್ದವು. ಕಿರುಬೆರಳು ಎರಡನೆಯ ಗೆಣ್ಣಿನಲ್ಲಿ ಬಾಗಿ ಅಂಗೈಯ ಕಡೆ ತಿರುಗಿತ್ತು. ಐದು ತಿಂಗಳಿಂದ ದಿನವೂ ಇದನ್ನು ನೋಡುತ್ತಿದ್ದ. ಅವನಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಕಿಂಡಿಯಲ್ಲಿ ಎತ್ತಿದ ಕೈ ಎಂದರೆ ಅವನ ಕಣ್ಣಿಗೆ ಯಾವಾಗಲೂ ಹಾಗೇ ಇತ್ತು.

ಹೋಟೆಲು ತೆರೆದ ಮರುವರ್ಷ, ಮದುವೆಯ ದಿಬ್ಬಣವೊಂದರ ಎಂಬತ್ತು ಊಟಕ್ಕೆ ಒಪ್ಪಿಕೊಂಡ ದಿನ, ಗ್ರೈಂಡರಿನ ಕಲ್ಲಿಗೆ ಸುಂದ್ರಮ್ಮನ ಬಲಗೈಯ ಕಿರುಬೆರಳು ಸಿಕ್ಕಿತ್ತು. "ದಿಬ್ಬಣ ಹೋಗ್ಲಿ, ಸಂಜೆ ಆಸ್ಪತ್ರೆಗೆ ಹೋಗಾನ" ಎಂದಿದ್ದ ಕಂಠಪ್ಪ. ಅವಳು ಬಟ್ಟೆ ಸುತ್ತಿಕೊಂಡು ಎಂಬತ್ತು ಜನಕ್ಕೂ ಬಡಿಸಿದಳು. ಸಂಜೆ ಮೈಸೂರಿನಲ್ಲಿ ಡಾಕ್ಟರು ಹೊಲಿಗೆ ಹಾಕುತ್ತ, ಬೆಳಿಗ್ಗೆಯೇ ಬಂದಿದ್ದರೆ ನರ ಕೂಡಿಸಬಹುದಿತ್ತು ಎಂದರು. ಆ ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಅವಳು ಅದರ ಮಾತನ್ನು ಯಾವತ್ತೂ ಎತ್ತಲಿಲ್ಲ. ಮದುವೆ ಮುಂಜಿಗಳಲ್ಲಿ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು, ಅಷ್ಟೆ.

ಅವನು ಕಿಂಡಿಯ ಹತ್ತಿರ ಹೋಗಿ ಕೈಬೀಸಿದ. ಪುಟ್ಟಸಿದ್ದಮ್ಮ ಚಪಾತಿ ಹಿಟ್ಟು ನಾದುತ್ತಿದ್ದಳು. ಕೈ ತೋರಿಸು ಎಂದು ಕೇಳಿದ. ಅವಳು ಕೈ ಕೊಡವಿ ಐದು ಬೆರಳನ್ನೂ ಬಿಡಿಸಿ ಹಿಡಿದಳು. ಕಿರುಬೆರಳು ಉಳಿದ ನಾಲ್ಕರಂತೆಯೇ ನೆಟ್ಟಗಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ಚಪಾತಿ ಎನ್ನಲು ಹೇಳಿದ. ಅವಳು ಅಂಗೈಯನ್ನು ಗಾಳಿಯಲ್ಲಿ ಜಾರಿಸಿದಳು. ಜಾರಿಸುವಾಗ ಕಿರುಬೆರಳು ಮಡಚಿತು. ಅನ್ನ ಎಂದಳು, ಮಡಚಿತು. ಅವನು ಆ ಬೆರಳನ್ನೇ ತೋರಿಸಿ, ಏಕೆ ಎಂದು ಕೇಳಿದ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತನ್ನ ಬೆರಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ, ಇಷ್ಟೂ ತಿಳಿಯದೇ ಎನ್ನುವಂತೆ, ಅವನು ನಿಂತಿದ್ದ ಜಾಗವನ್ನು ತೋರಿಸಿದಳು.

ಕಂಠಪ್ಪ ತನ್ನ ಕಾಲಡಿಯ ನೆಲವನ್ನು ನೋಡಿದ. ಸುಂದ್ರಮ್ಮ ನಿಲ್ಲುತ್ತಿದ್ದುದು ಅಲ್ಲೇ.

"ಏನಂತ ಬರೀಲಿ ದೊಡ್ಡಪ್ಪ?" ರೂಪಶ್ರೀ ಮೆಲ್ಲಗೆ ಕೇಳಿದಳು.

"ಮಡಚ್ಬೇಕಾಗಿಲ್ಲ ಅಂತ ಬರಿ. ನೆಟ್ಟಗಿದ್ರೂ ಆಯ್ತದೆ." ಪಟದ ಕಡೆ ಬೆರಳು ಮಾಡಿದ. "ನಮ್ಮನೆಯವಳ ಬೆರಳು ಅಂಗಿತ್ತು. ಇವಳು ಆ ಕೈ ನೋಡ್ಕಂಡು ಕಲ್ತೋಳು. ಅದಕ್ಕೆ ಅಂಗದೆ ಅಂತ ಬರಿ."

"ನಮ್ಮ ಚಿತ್ರಗಳನ್ನ ಬೇರೆ ತೆಗೆದು ಹಾಕ್ಲಾ?"

"ಬ್ಯಾಡ."

ಹೊರಗೆ ಕೇರಳದ ಕಡೆ ಹೋಗುವ ಲಾರಿಯೊಂದು ನಿಂತಿತು. ಇಬ್ಬರು ಬಂದು ಕೈ ತೊಳೆದು ಕುಳಿತರು. "ಎರಡು ಚಪಾತಿ ಊಟ!" ಎಂದು ಮಂಟಯ್ಯ ಕೂಗಿದ. ಕಂಠಪ್ಪ ಗಲ್ಲಾಕ್ಕೆ ಹೋಗಿ ಒತ್ತಲಿಲ್ಲ. ಕಿಂಡಿಯಲ್ಲಿ ನಿಂತಲ್ಲೇ ಬಲಗೈ ಎತ್ತಿ ಅಂಗೈ ಚಾಚಿದ. ಕಿರುಬೆರಳನ್ನು ಮಡಚಿದ. ಅದರ ಜೊತೆಗೆ ಉಂಗುರದ ಬೆರಳೂ ಬಾಗಿತು. ಅದನ್ನು ನೆಟ್ಟಗೆ ಮಾಡಿದರೆ ಕಿರುಬೆರಳೂ ಎದ್ದು ನಿಂತಿತು. ಮತ್ತೆ ಮಡಚಿದ, ಮತ್ತೆ ಎರಡೂ ಬಾಗಿದವು.

ಪುಟ್ಟಸಿದ್ದಮ್ಮನ ಭುಜ ಸದ್ದಿಲ್ಲದ ನಗುವಿನಿಂದ ಕುಲುಕಿತು. ಕಿಂಡಿಯಿಂದ ಕೈ ಚಾಚಿ, ಹಿಟ್ಟು ಮೆತ್ತಿದ ಎರಡು ಬೆರಳಿನಲ್ಲಿ ಅವನ ಉಂಗುರದ ಬೆರಳನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು. ಸರಿಯಾಯಿತೇ ಎಂದು ಒಂದು ಕ್ಷಣ ನೋಡಿದಳು. ಆಮೇಲೆ ತಿರುಗಿ ಉಂಡೆಯೊಂದನ್ನು ಲಟ್ಟಿಸಿ ಕಾವಲಿಯ ಮೇಲೆ ಚಪಾತಿ ಹಾಕಿದಳು.

ಚಪಾತಿ ಉಬ್ಬತೊಡಗಿತು. ಕಂಠಪ್ಪ ಕೈ ಇಳಿಸದೆ ಹಾಗೇ ನಿಂತಿದ್ದ.